ಬ್ರೇಕ್ ಪೆಡಲ್ ಮೆತ್ತಗಾದರೆ: ಏರ್ ತೆಗೆಯುವ ಮೊದಲು, ತೆಗೆಯುವಾಗ

ಹಳೆಯ ಕಾರಿನ ಬ್ರೇಕ್ ಪೆಡಲ್ ಮೆತ್ತಗಾದ ಕೂಡಲೇ ಏರ್, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ, ತೆಗೆಸುವುದು ರೂಢಿ. ಅದಕ್ಕೂ ಮೊದಲು ದೋಷ ಎಲ್ಲಿದೆ ಎಂದು ಕಾಲಿನಿಂದಲೇ ಪರೀಕ್ಷಿಸಿ. ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಪೆಡಲ್ ನಾಲ್ಕೈದು ಸಲ ಒತ್ತಿ.

ಎರಡನೇ ಒತ್ತಿಗೇ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಹಿಂದಿನ ಚಕ್ರದ ಡ್ರಮ್ಮಿನ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಸಡಿಲವಾಗಿದೆ ಎಂದು ತಿಳಿಯಿರಿ. ಮೇಲೆ ಬಂದರೂ ಪುಟಿಯುವಂತಿದ್ದರೆ ಪೈಪಿನಲ್ಲಿ ಗಾಳಿಯಿದೆ. ಅರ್ಧ ನಿಮಿಷ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಎಲ್ಲಾದರೂ ಬ್ರೇಕ್ ಆಯಿಲ್ ಸೋರುತ್ತಿರಬೇಕು. ಹೊರಗೆ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ನೂಕುವ ಭಾಗ) ವಾಷರ್ ಹೋಗಿದೆ. ಎಷ್ಟು ಏರ್ ತೆಗೆದರೂ ಅದು ಸರಿಹೋಗದು. ಎಂಜಿನ್ ಚಾಲು ಮಾಡಿದಾಗ ಪೆಡಲ್ ತುಸು ಕೆಳಗಿಳಿಯುವುದು ಮಾತ್ರ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ಸಹಜ ಕೆಲಸ.

ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೇ ಆಯಿಲ್ ಕುದಿಯಿತು ಎನ್ನುವವರಿದ್ದಾರೆ. 43 ಡಿಗ್ರಿ ಬಿಸಿಲಿಗೆ ಅದು ಕುದಿಯದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತ ಹೋಗುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ತೇವ ಹೀರಿದ ಆಯಿಲಿಗೆ ಇರುವ ಕನಿಷ್ಠ ಮಿತಿ 140. ಪದೇ ಪದೇ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರದ ಬಳಿ ಆವಿ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಮಾಸ್ಟರ್ ಸಿಲಿಂಡರಿಗೆ ಆಯಿಲ್ ಕೊಡುವ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ. ಎಂಜಿನ್ ಆಯಿಲ್, ಪೆಟ್ರೋಲ್ ಒಂದು ಹನಿಯೂ ಬೇಡ, ರಬ್ಬರ್ ಉಬ್ಬಿ ಕೆಡುತ್ತದೆ.

ಮೊದಲು ಹಿಂದಿನ ಡ್ರಮ್ ಬಿಚ್ಚಿ. ಶೂ ಸವೆದಂತೆ ತಾನಾಗಿ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್ ಎರೆಮಣ್ಣಿನ ಧೂಳಿಗೆ ಹಿಡಿದುಕೊಂಡಿರುತ್ತದೆ. ಶೂ ಮೇಲಿನ ಹಳೆಯ ಲೈನರಿನ ಪುಡಿಯಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಶೂ ನೂಕುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯೊಳಗೆ ಆಯಿಲ್ ಕಂಡರೆ ಸಿಲಿಂಡರ್ ಬದಲಿಸಿ. ಒಬ್ಬರು ಪೆಡಲ್ ಒತ್ತುವಾಗ ರಬ್ಬರ್ ಹೋಸ್ ಉಬ್ಬಿದರೆ ಅದೂ ಬದಲಾಗಬೇಕು.

ಈಗ ಏರ್ ತೆಗೆಯುವ ಕೆಲಸ. ಸೀಲ್ ಒಡೆಯದ ಅರ್ಧ ಲೀಟರ್ ಆಯಿಲ್ (ಪೂರ್ತಿ ಬದಲಿಸುವುದಾದರೆ ಒಂದು ಲೀಟರ್), ಪಾರದರ್ಶಕ ಪೈಪು, ಬಾಟಲಿ, ನಿಪ್ಪಲಿಗೆ (ಪ್ರತಿ ಚಕ್ರದ ಬಳಿ ಗಾಳಿ ಹೊರಬಿಡುವ ತಿರುಪು) ತಕ್ಕ ರಿಂಗ್ ಪಾನಾ ಬೇಕು. ಓಪನ್ ಪಾನಾ ಹಾಕಿದರೆ ನಿಪ್ಪಲಿನ ಮೂಲೆ ಸವೆಯುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ. ಬಲವಂತ ಮಾಡಿದರೆ ನಿಪ್ಪಲ್ ಮುರಿದು ಸಿಲಿಂಡರೇ ಬದಲಿಸಬೇಕಾದೀತು.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಗ್ಯಾರೇಜಿಗೇ ಒಯ್ಯಿರಿ. ಪೈಪಿನ ಒಂದು ತುದಿ ನಿಪ್ಪಲಿಗೆ ಸಿಕ್ಕಿಸಿ, ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್ ಹಾಕಿ ಇನ್ನೊಂದು ತುದಿ ಮುಳುಗಿಸಿ. ಜೊತೆಯವರು ಪೆಡಲ್ ನಿಧಾನ ಒತ್ತಿ ಹಿಡಿದಾಗ ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ. ಗುಳ್ಳೆ ಹೊರಬಂದ ಮೇಲೆ ಬಿಗಿಮಾಡಿ, ಆಮೇಲಷ್ಟೇ ಪೆಡಲ್ ಬಿಡಿಸಿ. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಸೇರುತ್ತದೆ. ಐದಾರು ಒತ್ತಿಗೊಮ್ಮೆ ಡಬ್ಬಿ ತುಂಬಿಸಿ.

ಹಳೆಯ ಗಾಡಿಯಲ್ಲಿ ಪೆಡಲ್ ನೆಲಕ್ಕೆ ತಾಗುವವರೆಗೆ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನ ತುದಿಯ ಭಾಗದಲ್ಲಿ ವಾಷರ್ ವರ್ಷಗಟ್ಟಲೆ ಓಡಾಡಿರುವುದಿಲ್ಲ. ಅಲ್ಲಿನ ತುಕ್ಕು ವಾಷರನ್ನು ಹರಿದುಬಿಡುತ್ತದೆ. ಪೆಡಲ್ ಕೆಳಗೆ ಎರಡು ಇಂಚಿನ ಕಟ್ಟಿಗೆ ತುಂಡು ಇಟ್ಟರೆ ಸಾಕು.

ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಿರಿ. ಎಂಜಿನ್ ಚಾಲು ಇಟ್ಟು ಪೆಡಲ್ ಜೋರಾಗಿ ಒತ್ತಿ, ನಾಲ್ಕೂ ನಿಪ್ಪಲ್ ಒಣಗಿವೆಯೇ ನೋಡಿ. ನಂತರ ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿ ನೋಡಿ. ಪೆಡಲ್ ಇನ್ನೂ ಮೆತ್ತಗಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.