ಐದಕ್ಕೆ ಎಷ್ಟು ಅಂಕ ಅಂತ ಕೇಳೋದು ಬಿಟ್ಟೆ

ಬಸ್ ಸೇವೆ ಅಳೆಯೋಕೆ ನಾನೂ ಎಲ್ಲರಂತೆ ಸರ್ವ್‌ಕ್ವಾಲ್‌ ಅನ್ನೋ ಸೇವಾ ಗುಣಮಟ್ಟದ ಪ್ರಶ್ನಾವಳಿಯಿಂದಲೇ ಶುರು ಮಾಡಿದ್ದು. 22 ಪ್ರಶ್ನೆ, ನಿರೀಕ್ಷೆಗೊಂದು ಸಲ, ಅನುಭವಕ್ಕೊಂದು ಸಲ. ಕಾಲೇಜು ಹುಡುಗರಿಗೆ ಫಾರ್ಮಿಗೆ 20 ರೂಪಾಯಿ ಕೊಟ್ಟು ಔಟರ್ ರಿಂಗ್ ರೋಡಿನ ಸ್ಟಾಪುಗಳಲ್ಲಿ ನಿಲ್ಲಿಸಿದೆ. ಜೆರಾಕ್ಸು, ಟೀ ಎಲ್ಲಾ ಸೇರಿ 30 ಸಾವಿರದ ಹತ್ತಿರ ಕೈಬಿಟ್ಟಿತು. ಬಂದದ್ದೇನು? ಮೂರು, ಮೂರು, ಮೂರು. ಹತ್ತನೇ ಪ್ರಶ್ನೆಗೆ ಬರೋಷ್ಟರಲ್ಲಿ ಜನ ಬಸ್ ಹತ್ತಿ ಹೋಗಿರೋರು, ಮಿಕ್ಕದ್ದು ಹುಡುಗರ ಕೈಚಳಕ.

ಆಮೇಲೆ ಅಂಕ ಬಿಟ್ಟು ನಿಮಿಷ ಹಿಡಿದೆ. ಸ್ಟಾಪಿಗೆ ಬಂದ ಹೊತ್ತು, ಹತ್ತಿದ ಹೊತ್ತು, ಅಷ್ಟೇ. "ಹತ್ತು ನಿಮಿಷಕ್ಕೊಂದು ಬಸ್ಸಿದೆ, ಕಾಯೋದು ಸರಾಸರಿ ಐದು ನಿಮಿಷ. ಇದಕ್ಕೆ ಬಿಸಿಲಲ್ಲಿ ಯಾಕೆ ಒಣಗ್ತೀರಿ ಸಾರ್?" ಅಂತ ಜೊತೆಯವರು ನಕ್ಕರು. ಸಿಲ್ಕ್ ಬೋರ್ಡ್ ಕಡೆ ಬಸ್ಸುಗಳು ಬರೋದು ಜೋಡಿಯಲ್ಲಿ. ಒಂದರ ಹಿಂದೆ 2 ನಿಮಿಷಕ್ಕೆ ಇನ್ನೊಂದು, ಆಮೇಲೆ 18 ನಿಮಿಷ ಖಾಲಿ ಅಂತಿಟ್ಟುಕೊಳ್ಳಿ. ಸರಾಸರಿ ಅಂತರ ಹತ್ತೇ. ಆದರೆ ಇಪ್ಪತ್ತು ಜನ ಬಂದರೆ ಹದಿನೆಂಟು ಜನ ಸಿಕ್ಕಿಬೀಳೋದು ಆ ಉದ್ದದ ಅಂತರಕ್ಕೇ, ಕಾಯೋ ಸರಾಸರಿ 8.2 ನಿಮಿಷಕ್ಕೆ ಏರುತ್ತೆ. ಲಂಡನ್ನಿನಲ್ಲಿ ಆಗಾಗ ಬರೋ ಬಸ್ಸುಗಳ ಗುತ್ತಿಗೆದಾರರಿಗೆ ಬೋನಸ್ಸು, ದಂಡ ಹಾಕೋದು ವೇಳಾಪಟ್ಟಿ ಲೆಕ್ಕದ ಮೇಲಿನ ಈ ಹೆಚ್ಚುವರಿ ಕಾಯುವಿಕೆ ನೋಡಿಯೇ. ನಾನು ಒಂದು ಹೆಜ್ಜೆ ಮುಂದೆ ಹೋದೆ: ಕಾಲಿಡೋಕೆ ಜಾಗವಿಲ್ಲದ ಬಸ್ಸು ಬಂದರೂ ಬರದ ಹಾಗೇ ಲೆಕ್ಕ. ಸಂಜೆ ಹೊತ್ತು ಕಾಯೋ ಸರಾಸರಿ ಹನ್ನೆರಡು ನಿಮಿಷದ ಆಸುಪಾಸಿಗೆ ಹೋಯ್ತು.

ಈ ಉಪಾಯ ಹೊಳೆದದ್ದು ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಒಬ್ಬ ಅಜ್ಜಿಯಿಂದ. "ಎಷ್ಟೊತ್ತಾಯ್ತಜ್ಜಿ?" ಅಂದೆ. "ಮೂರು ಬಸ್ಸಾಯ್ತು ಕಣಪ್ಪಾ, ಬುಟ್ಟಿ ಎಲ್ಲಿಡ್ಲಿ?" ಅಂದಳು. ಅಂದಿನಿಂದ ಎಷ್ಟು ನಿಮಿಷ ಕಾದಿರಿ ಅಂತ ಕೇಳೋದಿಲ್ಲ, ಎಷ್ಟು ಬಸ್ ಬಿಟ್ಟಿರಿ ಅಂತಲೇ ಕೇಳೋದು. ಉತ್ತರ ತಟ್ಟನೆ ಬರುತ್ತೆ, ನನ್ನ ಗಡಿಯಾರಕ್ಕೂ ಹೊಂದುತ್ತೆ.

ನಿಮಿಷ ಕೇಳ್ತಿದ್ದ ದಿನಗಳಲ್ಲೇ ಇನ್ನೊಂದು ಚಟ ಹತ್ತಿತ್ತು. ಎಷ್ಟು ಕಾದೆವು ಅಂತ ಜನ ಅಂದಾಜಿಸೋದಕ್ಕೂ ನಿಜವಾಗಿ ಕಾದದ್ದಕ್ಕೂ ಎಷ್ಟು ಫರಕು ಅಂತ ನೋಡಿದೆ. ನೆರಳಿದ್ದ ಕಡೆ ಒಂದೂಕಾಲು ಪಟ್ಟು, ದೀಪವಿಲ್ಲದ ಸ್ಟಾಪಿನಲ್ಲಿ ರಾತ್ರಿ ಎಂಟರ ಮೇಲೆ ಹೆಂಗಸರು ಹೇಳಿದ್ದು ಹೆಚ್ಚುಕಮ್ಮಿ ಎರಡು ಪಟ್ಟು. ಬಸ್ಸು ಕೂಡಿಸೋಕೆ ಮುಂಚೆ ಒಂದು ಬಲ್ಬು ಹಾಕಿ ಅಂತ ವರದಿಯಲ್ಲಿ ಬರೆದೆ.

ಗುಂಪಿನಲ್ಲಿ ಯಾರು ಯಾವಾಗ ಬಂದರು ಅಂತ ಒಬ್ಬನೇ ಹೇಗೆ ಹಿಡೀತೀನಿ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನಿಲ್ಲಿ ಬಿಚ್ಚಲ್ಲ. ಎರಡನೇ ಸುತ್ತಿಗೆ ಆರು ಸಾವಿರವೂ ದಾಟಲಿಲ್ಲ. ನಕ್ಕವರಲ್ಲಿ ಒಬ್ಬರು ಈಗ ನನ್ನ ಹಾಳೆಯನ್ನೇ ಕೇಳಿ ಇಸಕೊಂಡಿದ್ದಾರೆ. ಅವರಿಗೆ ಹೇಳಿದ್ದು ಒಂದೇ: ಮಳೆ ದಿನದ ಹಾಳೆ ಬೇರೆ ಇಡಿ, ಅವತ್ತು ಅರ್ಧ ಜನ ಸ್ಟಾಪಿನಲ್ಲಿರಲ್ಲ, ಎದುರಿನ ಬೇಕರಿಯಲ್ಲಿರುತ್ತಾರೆ.