ಒಂದು ನಲ್, ಸೊನ್ನೆ ಸಾಲುಗಳು: ನನ್ನ ಅನುಭವ

ಒಂದೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದುಕೊಡುತ್ತಿದ್ದ ನನ್ನ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಂದು ದಿನ ಇದ್ದಕ್ಕಿದ್ದಂತೆ ಸೊನ್ನೆ ಸಾಲುಗಳನ್ನು ಕೊಟ್ಟಿತು. ಎರರ್ ಬರಲಿಲ್ಲ, ಲಾಗ್‌ನಲ್ಲಿಯೂ ಏನೂ ಇರಲಿಲ್ಲ. ಹಿಂದಿನ ವಾರದ ಪಟ್ಟಿಯಲ್ಲಿದ್ದ ಒಂದು ಐಡಿಯನ್ನು ಹಿಡಿದು ಆರ್ಡರ್ ಟೇಬಲ್‌ನಲ್ಲಿ ಹುಡುಕಿದೆ. ಆ ಗ್ರಾಹಕರ ಆರ್ಡರ್ ಈಗಲೂ ಇರಲಿಲ್ಲ. ಪಟ್ಟಿಯಲ್ಲಿ ಅವರು ಇರಲೇಬೇಕಿತ್ತು.

ಕ್ವೆರಿಯ ಷರತ್ತು ಸರಳವಾಗಿತ್ತು: ಗ್ರಾಹಕರ ಐಡಿಯು ಆರ್ಡರ್ ಟೇಬಲ್‌ನಿಂದ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ತರುವ ಐಡಿಗಳ ನಡುವೆ ಇರಬಾರದು, ಅಂದರೆ 'ನಾಟ್ ಇನ್'. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಆ ಸಬ್‌ಕ್ವೆರಿಯನ್ನಷ್ಟೇ ಓಡಿಸಿ, ಐಡಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಕೊನೆಯ ಸಾಲು ಖಾಲಿಯಾಗಿ ಕಂಡಿತು. ಖಾತೆ ತೆರೆಯದೆಯೂ ಆರ್ಡರ್ ಮಾಡುವ ಅವಕಾಶವನ್ನು ನಾವು ಕೊಟ್ಟದ್ದು ಆ ವಾರವೇ. ಅಂಥ ಮೊದಲ ಆರ್ಡರ್‌ನಲ್ಲಿ ಗ್ರಾಹಕರ ಐಡಿ ನಲ್ ಆಗಿತ್ತು, ಅಂದರೆ ಅಲ್ಲಿ ಯಾವ ಮೌಲ್ಯವೂ ಇರಲಿಲ್ಲ.

ಕ್ವೆರಿಗಳನ್ನು ಬರೆಯುವ ಭಾಷೆಯಾದ ಎಸ್‌ಕ್ಯೂಎಲ್‌ನ ಹೋಲಿಕೆಗೆ ನಿಜ, ಸುಳ್ಳು ಎಂಬ ಉತ್ತರಗಳ ಜೊತೆಗೆ 'ತಿಳಿಯದು' ಎಂಬ ಮೂರನೆಯ ಉತ್ತರವೂ ಇದೆ. 7 ಎಂಬ ಐಡಿಯನ್ನು 3, 5 ಮತ್ತು ನಲ್ ಇರುವ ಪಟ್ಟಿಯ ಎದುರು 'ನಾಟ್ ಇನ್' ಎಂದು ಕೇಳಿದರೆ, ಅದು 3 ಅಲ್ಲ ಎಂಬುದು ನಿಜ, 5 ಅಲ್ಲ ಎಂಬುದೂ ನಿಜ, ಆದರೆ ನಲ್ ಅಲ್ಲವೇ ಎಂಬುದಕ್ಕೆ 'ತಿಳಿಯದು' ಎಂಬ ಉತ್ತರ ಬರುತ್ತದೆ. ಮೂರನ್ನೂ 'ಆ್ಯಂಡ್' ಪೋಣಿಸುವುದರಿಂದ ಒಟ್ಟು ಉತ್ತರವೂ ಅದೇ ಆಗುತ್ತದೆ. ಕ್ವೆರಿಯಲ್ಲಿ ಷರತ್ತನ್ನು ಹೇಳುವ 'ವೇರ್' ಉಳಿಸಿಕೊಳ್ಳುವುದು ಉತ್ತರ 'ನಿಜ' ಎಂದು ಬಂದ ಸಾಲುಗಳನ್ನು ಮಾತ್ರ. ಹಾಗಾಗಿ ಲಕ್ಷ ಸಾಲುಗಳ ನಡುವೆ ಒಂದೇ ನಲ್ ಇದ್ದರೂ ಇಡೀ ಪಟ್ಟಿ ಬರಿದಾಗುತ್ತದೆ.

ಸಬ್‌ಕ್ವೆರಿಯಲ್ಲಿ ನಲ್‌ಗಳನ್ನು ಸೋಸಿದ್ದರೂ ಸಾಕಾಗುತ್ತಿತ್ತು. ಆದರೆ ಮುಂದೆ ಆ ಸಾಲನ್ನು ಯಾರಾದರೂ ಅನಗತ್ಯವೆಂದು ಅಳಿಸಬಹುದು ಎನ್ನಿಸಿ, ಷರತ್ತನ್ನೇ 'ನಾಟ್ ಎಕ್ಸಿಸ್ಟ್ಸ್'ಗೆ ಬದಲಿಸಿದೆ. ಅದು ಹೊಂದುವ ಸಾಲು ಇದೆಯೇ ಎಂದಷ್ಟೇ ನೋಡುವುದರಿಂದ ನಲ್ ಅಡ್ಡಬರುವುದಿಲ್ಲ. ಒಟ್ಟು ಗ್ರಾಹಕರಿಂದ ಆರ್ಡರ್ ಮಾಡಿದವರನ್ನು ಕಳೆದಾಗ ಬಂದ ಸಂಖ್ಯೆಗೆ ಹೊಸ ಪಟ್ಟಿ ಸರಿಯಾಗಿ ತಾಳೆಯಾಯಿತು.

ಬಳಿಕ ಉಳಿದ ಕ್ವೆರಿಗಳನ್ನೂ ಒಂದೊಂದಾಗಿ ಓದಿದೆ. 'ರದ್ದಾಗದ' ಆರ್ಡರ್‌ಗಳನ್ನು ಎಣಿಸುವ ಕಡೆ, ಸ್ಥಿತಿಯೇ ನಮೂದಾಗದ ಸಾಲುಗಳು ಬಿಟ್ಟುಹೋಗುತ್ತಿದ್ದವು. ಅಲ್ಲಿ ಅಸಮ ಚಿಹ್ನೆಯ ಬದಲು, ನಲ್ ಇದ್ದರೂ ನಿಜ ಅಥವಾ ಸುಳ್ಳು ಎಂದೇ ಉತ್ತರಿಸುವ 'ಈಸ್ ಡಿಸ್ಟಿಂಕ್ಟ್ ಫ್ರಮ್' ಬರೆದೆ. ಟೇಬಲ್‌ಗೆ ಸೇರುವ ಮೌಲ್ಯಗಳನ್ನು ಪರೀಕ್ಷಿಸುವ 'ಚೆಕ್' ನಿರ್ಬಂಧದ ನಡತೆ ಇದಕ್ಕೆ ತದ್ವಿರುದ್ಧ: 'ವೇರ್' ಕೈಬಿಡುವ 'ತಿಳಿಯದು' ಎಂಬ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಪ್ರಮಾಣ ಸೊನ್ನೆಗಿಂತ ಹೆಚ್ಚಿರಬೇಕೆಂಬ ನಮ್ಮ ನಿಯಮವನ್ನು ದಾಟಿ ನಲ್ ಪ್ರಮಾಣಗಳು ಸೇರಿಕೊಂಡಿದ್ದವು. ಅವುಗಳನ್ನು ಸರಿಪಡಿಸಿ ಆ ಕಾಲಮ್‌ಗೆ ನಲ್ ಸೇರದಂತೆ ತಡೆಯುವ 'ನಾಟ್ ನಲ್' ಹಾಕಿದೆ. ಗ್ರಾಹಕರ ಐಡಿಯ ಕಾಲಮ್ಮನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಖಾತೆಯಿಲ್ಲದವರ ಆರ್ಡರ್‌ಗೆ ಅಲ್ಲಿ ನಲ್ ಇರುವುದೇ ಸರಿ.