ಕ್ರಾಸ್ ಕಂಪೈಲರ್: ಜಿಸಿಸಿಗೆ ಅಸೆಂಬ್ಲರ್‌ ದಾರಿ ತೋರಿಸುವುದು ಹೇಗೆ?

ಎಕ್ಸ್86 ಪ್ರೊಸೆಸರ್ ಇರುವ ಯಂತ್ರದಲ್ಲಿ ಕುಳಿತು ಬೇರೆ ಬಗೆಯ ಆರ್ಮ್ ಪ್ರೊಸೆಸರ್ ಇರುವ ಯಂತ್ರಕ್ಕೆ ಕೋಡ್ ತಯಾರಿಸುವ ಜಿಸಿಸಿ ಕಂಪೈಲರನ್ನು (ಇದೇ ಕ್ರಾಸ್ ಕಂಪೈಲರ್) ಕಟ್ಟುವಾಗ ಬಹುತೇಕರು ಎಡವುವುದು ಕಂಪೈಲರ್‌ನಲ್ಲಿ ಅಲ್ಲ, ಅದರ ಸಹಾಯಕ ಉಪಕರಣಗಳಲ್ಲಿ. ಜಿಸಿಸಿ ತಾನಾಗಿ ಅಸೆಂಬ್ಲಿ ಭಾಷೆಯವರೆಗೆ ಮಾತ್ರ ಬರುತ್ತದೆ. ಮುಂದಿನ ಕೆಲಸ ಬಿನ್‌ಯುಟಿಲ್ಸ್ ಎಂಬ ಉಪಕರಣ ಸಂಗ್ರಹದಲ್ಲಿರುವ ಅಸೆಂಬ್ಲರ್ (ಅಸೆಂಬ್ಲಿಯನ್ನು ಯಂತ್ರಭಾಷೆಗೆ ತಿರುಗಿಸುವುದು) ಮತ್ತು ಲಿಂಕರ್ (ತುಣುಕುಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವುದು) ಇವುಗಳದ್ದು.

ಆದ್ದರಿಂದ ಮೊದಲು ಬಿನ್‌ಯುಟಿಲ್ಸ್ ಕಟ್ಟಿ ಇನ್‌ಸ್ಟಾಲ್ ಮಾಡಿ. ಅದಕ್ಕೆ ಕೊಟ್ಟ ಟಾರ್ಗೆಟ್ ಹೆಸರು (ಕೋಡ್ ಓಡಬೇಕಾದ ಯಂತ್ರದ ಹೆಸರು) ಮತ್ತು ಪ್ರಿಫಿಕ್ಸ್ ಡೈರೆಕ್ಟರಿಯನ್ನೇ (ಇನ್‌ಸ್ಟಾಲ್ ಆಗುವ ಜಾಗ) ಒಂದಕ್ಷರವೂ ಬದಲಿಸದೆ ಜಿಸಿಸಿಗೂ ಕೊಡಿ. ಪ್ರಿಫಿಕ್ಸ್‌ನ ಒಳಗಿರುವ ಬಿನ್ ಡೈರೆಕ್ಟರಿಯನ್ನು ಪಾತ್‌ಗೆ (ಸಿಸ್ಟಂ ಪ್ರೋಗ್ರಾಂಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಸೇರಿಸಿ. ಜಿಸಿಸಿಯನ್ನು ಮೂಲ ಕೋಡ್ ಇರುವಲ್ಲಿ ಅಲ್ಲ, ಬೇರೆ ಖಾಲಿ ಡೈರೆಕ್ಟರಿಯಲ್ಲಿ ಕಾನ್ಫಿಗರ್ ಮಾಡಿ (ಕಟ್ಟುವ ಮೊದಲಿನ ಹೊಂದಾಣಿಕೆ). ಸಾಮಾನ್ಯವಾಗಿ ಇಷ್ಟು ಸಾಕು.

ಉಪಕರಣಗಳು ಬೇರೆಡೆ ಇದ್ದರೆ ಒಂದು ವಿಷಯ ಸ್ಪಷ್ಟವಿರಲಿ: ಹುಡುಕಾಟ ಎರಡು ಸಲ ನಡೆಯುತ್ತದೆ. ಜಿಸಿಸಿಯನ್ನು ಕಟ್ಟುವಾಗ ಒಮ್ಮೆ, ಕಟ್ಟಿದ ಜಿಸಿಸಿ ಕೆಲಸ ಮಾಡುವಾಗ ಇನ್ನೊಮ್ಮೆ. ಕಾನ್ಫಿಗರ್ ಮಾಡುವಾಗ 'ವಿತ್-ಆ್ಯಸ್' (ಅಸೆಂಬ್ಲರ್‌ಗಾಗಿ), 'ವಿತ್-ಎಲ್‌ಡಿ' (ಲಿಂಕರ್‌ಗಾಗಿ) ಆಯ್ಕೆಗಳಿಗೆ ಕೊಟ್ಟ ವಿಳಾಸ ಕಂಪೈಲರ್‌ನ ಒಳಗೇ ಅಚ್ಚಾಗಿಬಿಡುತ್ತದೆ. ಆ ಕಂಪೈಲರ್ ಓಡುವ ಯಂತ್ರದಲ್ಲೂ ಅಸೆಂಬ್ಲರ್ ಅದೇ ಜಾಗದಲ್ಲಿರಬೇಕು. ಕಟ್ಟುವ ಹೊತ್ತಿಗೆ ಮಾತ್ರ ಬೇರೆ ಉಪಕರಣಗಳು ಬೇಕಿದ್ದರೆ 'ವಿತ್-ಬಿಲ್ಡ್-ಟೈಮ್-ಟೂಲ್ಸ್' ಬಳಸಿ. ಅದರಲ್ಲಿ ತೋರಿಸುವ ಡೈರೆಕ್ಟರಿಯಲ್ಲಿ ಅಸೆಂಬ್ಲರ್, ಲಿಂಕರ್ ಜೊತೆಗೆ ಬಿನ್‌ಯುಟಿಲ್ಸ್‌ನ ಇತರ ಉಪಕರಣಗಳಾದ ಎಆರ್, ಎನ್ಎಂ, ರಾನ್‌ಲಿಬ್, ಅಗತ್ಯವಿದ್ದರೆ ಸ್ಟ್ರಿಪ್ ಕೂಡ ಇರಬೇಕು. ಒಂದು ತಪ್ಪಿದರೂ ಜಿಸಿಸಿ ಅದನ್ನು ಮತ್ತೆಲ್ಲಿಂದಲೋ ತಂದು ಹೊಂದದ ಜೋಡಿ ಮಾಡಿಕೊಳ್ಳಬಹುದು. ಪತ್ತೆ ಹಚ್ಚಲು ಇದಕ್ಕಿಂತ ಹಿಂಸೆಯ ದೋಷ ಕಡಿಮೆ.

ಪೂರ್ತಿ ಕಟ್ಟಲು ಬಿಡುವ ಮೊದಲು 'ಮೇಕ್ ಕಾನ್ಫಿಗರ್-ಜಿಸಿಸಿ' ಎಂಬ ಆದೇಶ ಕೊಡಿ. ಜಿಸಿಸಿ ಉಪಡೈರೆಕ್ಟರಿಯಲ್ಲಿ ಹುಟ್ಟುವ ಕಾನ್ಫಿಗ್ ಲಾಗ್ ತೆರೆದು, ಯಾವ ಅಸೆಂಬ್ಲರ್ ಬಳಸಬೇಕೆಂದು ಪರೀಕ್ಷಿಸಿದ ಸಾಲನ್ನು ಹುಡುಕಿ. ಅಲ್ಲಿ ನಿಮ್ಮ ಆರ್ಮ್ ಅಸೆಂಬ್ಲರ್‌ನ ವಿಳಾಸವೇ ಕಾಣಬೇಕು. ಇದನ್ನು ನೋಡದೆ ಮುಂದುವರಿಯಬೇಡಿ: ಅಸೆಂಬ್ಲರ್‌ಗೆ ಏನೇನು ಬರುತ್ತದೆ ಎಂಬ ಪರೀಕ್ಷೆಗಳೆಲ್ಲ ಆ ಸಾಲಿನ ಮೇಲೆಯೇ ನಿಂತಿವೆ. ಅದು ತಪ್ಪಾದರೆ ಅಸೆಂಬ್ಲರ್‌ಗೆ ನಿಜವಾಗಿ ಬರುವ ಸೌಲಭ್ಯವೂ 'ಇಲ್ಲ' ಎಂದು ದಾಖಲಾಗಬಹುದು.

ಕೊನೆಗೆ, ಇನ್‌ಸ್ಟಾಲ್ ಆದ ಕಂಪೈಲರ್‌ಗೆ 'ಪ್ರಿಂಟ್-ಪ್ರೋಗ್-ನೇಮ್' ಆಯ್ಕೆಯಲ್ಲಿ ಅಸೆಂಬ್ಲರ್‌ನ ಹೆಸರು ಕೊಟ್ಟು ಕೇಳಿ. ಪೂರ್ಣ ವಿಳಾಸ ಬಂದರೆ ಅದು ನಿಮ್ಮದೇ ಉಪಕರಣವೇ ಎಂದು ನೋಡಿಕೊಳ್ಳಿ. ಬರಿಯ 'ಆ್ಯಸ್' ಎಂದಷ್ಟೇ ಬಂದರೆ ಕಂಪೈಲರ್‌ಗೆ ತನ್ನ ಜಾಗಗಳಲ್ಲಿ ಏನೂ ಸಿಕ್ಕಿಲ್ಲ. ಅದು ಪಾತ್‌ನಲ್ಲಿರುವ ಎಕ್ಸ್86 ಅಸೆಂಬ್ಲರ್‌ನ ಕೈಗೆ ಆರ್ಮ್ ಕೋಡ್ ಕೊಡುತ್ತದೆ, ಪರದೆ ತುಂಬ ಅರ್ಥವಾಗದ ಸೂಚನೆಗಳ ದೂರು ಸುರಿಯುತ್ತದೆ.